ಜರ್ಮನ್ ದೋಣಿಗೆ ಜಂಗು ಹಿಡಿಯುವುದಿಲ್ಲವೇ?

ವಿಜಯಪುರ ಸೀಮೆಯ ನದಿಯ ಹೆಸರೇ ಡೋಣಿ. ಜತ್ತ ಕಡೆ ಹುಟ್ಟಿ, ಬಬಲೇಶ್ವರ ತಾಲ್ಲೂಕಿನ ಸಾರವಾಡದ ಹೊಲಗಳನ್ನು ಹಾದು ಕೃಷ್ಣೆ ಸೇರುವ ಈ ಹೊಳೆ ಹರಿದರೆ ಓಣಿ ತುಂಬ ಕಾಳು ಎಂಬ ಮಾತಿದೆ. ಹೆಸರು ಡೋಣಿಯಾದರೂ ವರ್ಷದ ಬಹುಪಾಲು ಅದರಲ್ಲಿ ದೋಣಿ ತೇಲುವಷ್ಟು ನೀರಿರುವುದಿಲ್ಲ. ಇರುವ ನೀರೂ ಬೇಸಿಗೆಯಲ್ಲಿ ಉಪ್ಪುಪ್ಪು. ಆದರೆ ಏತ ನೀರಾವರಿಯ ಕೊಳವೆಗಳು ಬಂದ ಮೇಲೆ ತಿಕೋಟಾ, ಬಬಲೇಶ್ವರದ ಕೆರೆಗಳಲ್ಲಿ ನೀರು ನಿಲ್ಲುತ್ತಿದೆ. ಮಮದಾಪುರದಲ್ಲಿ ಆದಿಲ್‌ಶಾಹಿ ಕಾಲದ ದೊಡ್ಡ ಕೆರೆಯೇ ಇದೆ. ನೀರು ಬಂದಲ್ಲಿ ಮೀನು, ಮೀನು ಬಂದಲ್ಲಿ ದೋಣಿ. ಹರಗೋಲು, ಫೈಬರ್ ದೋಣಿಗಳ ನಡುವೆ ಎಲ್ಲಿಂದಲೋ ಒಂದು ಹಳೆಯ ಅಲ್ಯೂಮಿನಿಯಂ ದೋಣಿ ಅಗ್ಗಕ್ಕೆ ಸಿಕ್ಕಿತೆನ್ನಿ. ಅದು ಅಂಗಳಕ್ಕೆ ಬಂದಿಳಿದ ದಿನವೇ ಸಲಹೆಗಾರರೂ ಬಂದಿಳಿಯುತ್ತಾರೆ.

ಮೊದಲ ಸಲಹೆ: ‘ಇದು ಜರ್ಮನ್ ಐತಿ, ಜಂಗ್ ಹಿಡಿಯಂಗಿಲ್ಲ. ಬಣ್ಣಾ ಹೊಡದ ನೀರಿಗೆ ಬಿಡ್ರಿ.’

ಜರ್ಮನ್ ಎಂದರೆ ಇಲ್ಲಿಯವರ ಬಾಯಲ್ಲಿ ಅಲ್ಯೂಮಿನಿಯಂ. ಮಾತಿನಲ್ಲಿ ಅರ್ಧ ಸತ್ಯವಿದೆ. ಕೆಂಪು ಜಂಗು ಕಬ್ಬಿಣದ್ದೇ ರೋಗ. ಅಲ್ಯೂಮಿನಿಯಂ ಗಾಳಿಗೆ ತಾಗಿದ ತಕ್ಷಣ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪೊರೆಯನ್ನು ತಾನೇ ಹೊದ್ದುಕೊಳ್ಳುತ್ತದೆ. ಗೀಚಿದರೆ ಮತ್ತೆ ಹೊದೆಯುತ್ತದೆ. ಈ ಪೊರೆ ಹರಿದರೆ ಮಾತ್ರ ಕಷ್ಟ. ಅದನ್ನು ಹರಿಯುವುದರಲ್ಲಿ ಉಪ್ಪಿನ ಕ್ಲೋರೈಡ್ ನಿಸ್ಸೀಮ. ಅದು ಇಡೀ ತಗಡನ್ನು ತಿನ್ನುವುದಿಲ್ಲ, ಒಂದೊಂದೇ ಚುಕ್ಕೆಯಲ್ಲಿ ಕೊರೆಯುತ್ತ ಹೋಗುತ್ತದೆ. ಮೇಲೆ ಚಿಟಿಕೆ ಬಿಳಿ ಪುಡಿ, ಕೆಳಗೆ ಸಾಸಿವೆ ಗಾತ್ರದ ತೂತು. ಸಮುದ್ರ ದೂರವಿದೆ ಎಂದು ನಿಶ್ಚಿಂತರಾಗುವವರು ಡೋಣಿಯ ನೀರನ್ನು ಒಮ್ಮೆ ನಾಲಿಗೆಗೆ ಹಚ್ಚಿಕೊಂಡು ನೋಡಬೇಕು.

ಎರೆಮಣ್ಣೂ ಇದರಲ್ಲಿ ಪಾಲುದಾರ. ಈ ಭಾಗದ ಎರೆಯಲ್ಲಿ ಕ್ಷಾರ ಹೆಚ್ಚು, ಹಸಿ ಬೇಗ ಆರುವುದಿಲ್ಲ. ದೋಣಿಯನ್ನು ಎರಡು ಮಳೆಗಾಲ ನೇರ ನೆಲದ ಮೇಲಿಟ್ಟರೆ ಅಂಟಿದ ಮಣ್ಣಿನಡಿಯಲ್ಲೇ ತೂತುಗಳು ಹುಟ್ಟುತ್ತವೆ. ಪತ್ತೆಗೆ ಹೆಚ್ಚಿನ ಸಲಕರಣೆ ಬೇಡ. ಕತ್ತಲಾದ ಮೇಲೆ ದೋಣಿಯನ್ನು ಬೋರಲು ಹಾಕಿ ಒಳಗೊಂದು ಬಲ್ಬು ಹಚ್ಚಿದರಾಯಿತು. ತೂತುಗಳು ಚಿಕ್ಕೆಗಳಂತೆ ಮಿನುಗುತ್ತವೆ.

ಇನ್ನು ದ್ರಾಕ್ಷಿ ತೋಟದ ಶೆಡ್ಡು. ತಿಕೋಟಾ ಕಡೆ ಖಾಲಿ ದೋಣಿ ಶೆಡ್ಡಿನಲ್ಲಿದ್ದರೆ ಅದು ದೋಣಿಯಾಗಿ ಉಳಿಯುವುದಿಲ್ಲ, ಉಗ್ರಾಣವಾಗುತ್ತದೆ. ಅದರಲ್ಲಿ ಪೊಟ್ಯಾಷ್ ಚೀಲ, ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ, ಸುಣ್ಣ. ಅಲ್ಯೂಮಿನಿಯಂ ಪಾಲಿಗೆ ಇದಕ್ಕಿಂತ ಕೆಟ್ಟ ಸಹವಾಸವಿಲ್ಲ. ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್, ಉಪ್ಪಿನ ಖಾಸಾ ತಮ್ಮ. ಸುಣ್ಣ ಕ್ಷಾರ. ಮೈಲುತುತ್ತ ತಾಮ್ರದ ಲವಣ. ಹಸಿಯಾದರೆ ಅದರ ತಾಮ್ರ ತಗಡಿನ ಮೇಲೆ ಕೂತು, ಆ ಜಾಗದ ಅಲ್ಯೂಮಿನಿಯಂ ಕರಗಿ ಹೋಗುತ್ತದೆ.

ತಾಮ್ರದ ಮಾತು ಬಂದಾಗ ವಿಜಯಪುರದವರು ಕೋಟೆಯತ್ತ ಕೈ ತೋರಿಸುತ್ತಾರೆ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕಗೊಂಡ ಮಲಿಕ್-ಎ-ಮೈದಾನ್ ತೋಪು ಬುರುಜಿನ ಮೇಲೆ ಬಿಸಿಲು ಮಳೆಗೆ ಮೈಯೊಡ್ಡಿ ಇನ್ನೂ ನಿಂತಿದೆ. ಅದು ತಾಮ್ರ, ತವರ ಬೆರೆತ ಲೋಹ. ‘ಹಂಗಾದ್ರ ದೋಣಿಗೂ ಹಿತ್ತಾಳಿ ಸ್ಕ್ರೂ ಹಾಕಿದ್ರ ಗಟ್ಟಿ ಅಲ್ರೀ?’ ಇದು ಎರಡನೆಯ ನಂಬಿಕೆ, ಎಲ್ಲಕ್ಕಿಂತ ದುಬಾರಿಯದು.

ತೋಪು ಉಳಿದಿರುವುದಕ್ಕೆ ಅದರ ಲೋಹ ಕಾರಣ. ಆದರೆ ಅದೇ ಜಾತಿಯ ಲೋಹವನ್ನು ಅಲ್ಯೂಮಿನಿಯಂಗೆ ತಾಗಿಸಿ ನಡುವೆ ನೀರು ಬಿಟ್ಟರೆ ಅಲ್ಲೊಂದು ಬ್ಯಾಟರಿಯೇ ತಯಾರು. ಅದರಲ್ಲಿ ಸವೆಯುವ ಪಾಳಿ ಯಾವಾಗಲೂ ಅಲ್ಯೂಮಿನಿಯಂನದು. ಈ ಪಾಠಕ್ಕೆ ಅಮೆರಿಕದ ಶ್ರೀಮಂತರು ಭಾರಿ ಶುಲ್ಕ ತೆತ್ತಿದ್ದಾರೆ. 1895ರ ಅಮೆರಿಕಾಸ್ ಕಪ್ ಪಂದ್ಯಕ್ಕೆ ನೌಕಾ ವಿನ್ಯಾಸಕ ಹೆರೆಶಾಫ್ ಕಟ್ಟಿದ ‘ಡಿಫೆಂಡರ್’ ಎಂಬ ಹಾಯಿನೌಕೆಗೆ ನೀರಿನ ಕೆಳಗೆ ಕಂಚು, ಮೇಲೆ ಅಲ್ಯೂಮಿನಿಯಂ, ಚೌಕಟ್ಟಿಗೆ ಉಕ್ಕು. ಹಗುರಾಗಿತ್ತು, ಗೆದ್ದಿತು. ಜೊತೆಗೆ ಉಪ್ಪುನೀರಿನಲ್ಲಿ ತನ್ನನ್ನು ತಾನೇ ತಿಂದುಕೊಳ್ಳತೊಡಗಿತು. 1901ರಲ್ಲಿ ಅದನ್ನು ಒಡೆದು ಹಾಕಿದರು.

ಆದ್ದರಿಂದ ಹಳೆಯ ದೋಣಿಯಲ್ಲಿ ಹಿತ್ತಾಳೆ ಸ್ಕ್ರೂ, ತಾಮ್ರದ ವಾಷರ್, ಸಾದಾ ಕಬ್ಬಿಣದ ಬೋಲ್ಟು ಕಂಡರೆ ಮೊದಲು ಕೀಳಬೇಕು. ಸ್ಟೇನ್‌ಲೆಸ್ ಹಾಕಿದರೂ ನಡುವೆ ನೈಲಾನ್ ವಾಷರ್ ಅಥವಾ ಸೀಲಂಟ್ ಇರಬೇಕು. ಪಾಚಿ ಕಟ್ಟದಿರಲೆಂದು ತಳಕ್ಕೆ ಬಳಿಯುವ ತಾಮ್ರದ ಆಕ್ಸೈಡ್ ಬಣ್ಣ ಮರದ ದೋಣಿಗೆ ಸರಿ, ಇದಕ್ಕೆ ವಿಷ. ಹಿಂಬದಿಯ ಹಲಗೆ ಬದಲಿಸುವಾಗಲೂ ಗೆದ್ದಲು ಬಾರದಂತೆ ತಾಮ್ರದ ಔಷಧಿ ಕುಡಿಸಿದ ಕಟ್ಟಿಗೆ ಬೇಡ.

ತಿಕ್ಕುವ ವಿಷಯದಲ್ಲಿ ಅಡುಗೆಮನೆಯ ಬುದ್ಧಿ ಓಡುತ್ತದೆ. ಸೋಡಾ ಹಾಕಿ ಬಿಸಿನೀರಿನಲ್ಲಿ ತಿಕ್ಕಿದರೆ ಫಳಫಳ ಎನ್ನುತ್ತದೆ ಎಂಬುದು ನಂಬಿಕೆ. ಬುರುಬುರು ನೊರೆ ಬಂದು ಮೊದಲು ಹೊಳೆಯುವುದೂ ನಿಜ, ಆದರೆ ಆ ನೊರೆಯೊಂದಿಗೆ ಹೋಗುತ್ತಿರುವುದು ತಗಡೇ. ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆಯಲ್ಲಿ ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಾ ತೆಗೆಯುವುದು ಬಿಸಿ ಕಾಸ್ಟಿಕ್ ಸೋಡಾದಲ್ಲಿ ಕರಗಿಸಿಯೇ. ಪೊರೆಯೂ ಅಲ್ಯೂಮಿನಾ ಅಲ್ಲವೇ? ಕಾರ್ಖಾನೆಯಲ್ಲಿ ಬೇಕಾದ ಗುಣ ಅಂಗಳದಲ್ಲಿ ಬೇಡದ್ದು. ಸೌಮ್ಯ ಸಾಬೂನು ನೀರು ಸಾಕು. ಕಬ್ಬಿಣದ ಬ್ರಷ್, ಕಬ್ಬಿಣ ಉಜ್ಜಿದ ಗ್ರೈಂಡರ್ ಚಕ್ರವನ್ನೂ ದೂರವಿಡಬೇಕು. ಅವುಗಳ ಚೂರು ತಗಡಿನಲ್ಲಿ ನಾಟಿಕೊಂಡು ಮತ್ತೆ ಅದೇ ಬ್ಯಾಟರಿ ಆಟ. ಬಣ್ಣಕ್ಕೆ ಮೊದಲು ಅಲ್ಯೂಮಿನಿಯಂಗೆಂದೇ ಮಾಡಿದ ಎಚಿಂಗ್ ಪ್ರೈಮರ್ ಬೇಕು, ಇಲ್ಲವಾದರೆ ಬಣ್ಣ ಒಂದೇ ಬೇಸಿಗೆಗೆ ಸಿಪ್ಪೆಯಂತೆ ಏಳುತ್ತದೆ.

ಸೋರಿಕೆಗೆ ಬಂದರೆ ಊರಿಗೊಬ್ಬ ವೈದ್ಯ. ಕಲಾಯಿಯವನಿಗೆ ಕೊಡಿ ಎನ್ನುವವರಿದ್ದಾರೆ. ನವಸಾಗರದಿಂದ ತಾಮ್ರ, ಹಿತ್ತಾಳೆಯ ಮೈ ಶುದ್ಧವಾಗಿ ತವರ ಹಿಡಿಯುತ್ತದೆ, ಅಲ್ಯೂಮಿನಿಯಂ ಪೊರೆ ಅದಕ್ಕೆ ಜಗ್ಗುವುದಿಲ್ಲ. ಟ್ರ್ಯಾಕ್ಟರ್ ಟ್ರೇಲರ್ ಬೆಸೆಯುವ ವೆಲ್ಡರ್ ಬಳಿ ಒಯ್ಯುವುದು ಇನ್ನೂ ಅಪಾಯ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಮೇಲಿನ ಪೊರೆಗೆ 2000 ಡಿಗ್ರಿ ದಾಟಬೇಕು. ಅದು ಕಬ್ಬಿಣದಂತೆ ಕೆಂಪಗಾಗಿ ಮುನ್ಸೂಚನೆಯನ್ನೂ ಕೊಡುವುದಿಲ್ಲ. ನೋಡುತ್ತಿದ್ದಂತೆ ತೊಟ್ಟಿಕ್ಕಿ ಅಂಗೈಯಗಲ ತೂತು ಬೀಳುತ್ತದೆ. ಆರ್ಗಾನ್ ವೆಲ್ಡಿಂಗ್ ಬಲ್ಲ ಕೈ ಬೇಕು. ಅದೂ ರಿವೆಟ್ ಬಡಿದ ದೋಣಿಯಾದರೆ ಶಾಖಕ್ಕೆ ನೆರೆಹೊರೆಯ ರಿವೆಟ್‌ಗಳು ಸಡಿಲವಾಗುತ್ತವೆ.

ನಿಜ ಹೇಳಬೇಕೆಂದರೆ ಬಹಳಷ್ಟು ಹಳೆಯ ದೋಣಿಗಳ ರೋಗ ತೂತಲ್ಲ, ಸಡಿಲ ರಿವೆಟ್. ಔಷಧಿ ಎರಡು ಜೋಡಿ ಕೈ: ಒಳಗೊಬ್ಬರು ಭಾರದ ಕಬ್ಬಿಣದ ತುಂಡು ಒತ್ತಿ ಹಿಡಿಯಬೇಕು, ಹೊರಗೊಬ್ಬರು ಸುತ್ತಿಗೆಯಿಂದ ಬಡಿಯಬೇಕು. ಪಾಪ್ ರಿವೆಟ್ ನಡುವೆ ಟೊಳ್ಳು, ನೀರಿನ ಮಟ್ಟದ ಕೆಳಗೆ ಸಲ್ಲದು. ಎಂ-ಸೀಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಅದೇ ಅದರ ದೋಷ. ತೆಳು ತಗಡಿನ ದೋಣಿ ಅಲೆಗೆ ಬಾಗುತ್ತದೆ. ಜೊತೆಗೆ ಬಾಗುವ ಪಾಲಿಯುರಿಥೇನ್ ಸೀಲಂಟ್ ನಿಲ್ಲುತ್ತದೆ, ಬಾಗದ್ದು ಬಿರಿಯುತ್ತದೆ.

ಸೋರುವ ಜಾಗ ಹುಡುಕಲು ದೋಣಿಯನ್ನು ಕೆರೆಗೆ ಒಯ್ಯುವ ಬದಲು ಕೆರೆಯನ್ನೇ ದೋಣಿಗೆ ತರಬಹುದು. ಒಳಗೆ ನೀರು ತುಂಬಿ, ಹೊರಗೆ ಹನಿಯುವಲ್ಲೆಲ್ಲ ಗುರುತು ಹಾಕಬೇಕು. ತುಂಬುವ ಮುನ್ನ ಒಂದು ಲೆಕ್ಕ: 12 ಅಡಿ ಉದ್ದ, 4 ಅಡಿ ಅಗಲದ ಆಯತದಲ್ಲಿ ಅರ್ಧ ಅಡಿ ನೀರು ನಿಂತರೆ ಸುಮಾರು 680 ಕಿಲೊ. ಅಡಿಯಲ್ಲಿ ನಾಲ್ಕೈದು ಕಡೆ ಆಸರೆ ಇಲ್ಲದಿದ್ದರೆ ಬೆನ್ನು ಬಾಗೀತು.

ಕೊನೆಯದು ಜೀವಕ್ಕೆ ಸಂಬಂಧಿಸಿದ್ದು. ‘ಹಗೂರ ಲೋಹ, ಮುಳುಗಂಗಿಲ್ಲ.’ ಅಲ್ಯೂಮಿನಿಯಂ ನೀರಿಗಿಂತ 2.7 ಪಟ್ಟು ಭಾರ. ತೇಲುವುದು ದೋಣಿಯ ಆಕಾರ. ನೀರು ತುಂಬಿತೋ, ತಳಕ್ಕೆ. ಅದಕ್ಕೇ ಸೀಟಿನಡಿಯಲ್ಲಿ ಫೋಮ್ ಇರುತ್ತದೆ. ನೂರು ಕಿಲೊ ಅಲ್ಯೂಮಿನಿಯಂ ನೀರಿನೊಳಗೆ ಸುಮಾರು 63 ಕಿಲೊ ತೂಗುತ್ತದೆ. ಬರಿಯ ದೋಣಿಯನ್ನು ಹಿಡಿದಿಡಲೇ 65 ಲೀಟರಿಗಿಂತ ಹೆಚ್ಚು ಒಣ ಫೋಮ್ ಬೇಕು, ಎಂಜಿನ್ನಿನ ಲೆಕ್ಕ ಬೇರೆ. ಹಳೆಯ ಫೋಮ್ ನೀರು ಹೀರಿದ್ದರೆ ಅದು ಆಸರೆಯಲ್ಲ, ಹೊರೆ. ಒಂದು ತುಂಡು ಕೊಯ್ದು ಹಿಂಡಿ ನೋಡಿದರೆ ಗೊತ್ತಾಗುತ್ತದೆ. ಬದಲಿಗೆ ಟಿವಿ ಪೆಟ್ಟಿಗೆಯ ಥರ್ಮೋಕೋಲ್ ತುರುಕುವವರಿದ್ದಾರೆ. ಪೆಟ್ರೋಲ್ ಎಂಜಿನ್ ಇರುವ ದೋಣಿಯಲ್ಲಿ ಅದು ನಡೆಯದು: ಸೋರಿದ ಪೆಟ್ರೋಲ್ ತಾಗಿದರೆ ಥರ್ಮೋಕೋಲ್ ಕರಗಿ ಅಂಟಾಗುತ್ತದೆ. ಎಂಜಿನ್ ಕೂಡಿಸಿದ ಮೇಲೆ 2021ರ ಒಳನಾಡು ಹಡಗುಗಳ ಕಾಯ್ದೆಯ ನೋಂದಣಿಯ ಪ್ರಶ್ನೆಯೂ ಏಳುತ್ತದೆ, ಮನೆಯಲ್ಲೇ ರಿಪೇರಿ ಮಾಡಿದ್ದು ಎಂಬ ಕಾರಣಕ್ಕೆ ಅದು ತಪ್ಪುವುದಿಲ್ಲ.

ಮೊದಲ ಸಲ ನೀರಿಗಿಳಿಸುವಾಗ ಲೈಫ್ ಜಾಕೆಟ್ ತೊಟ್ಟು, ಸೊಂಟದಾಳ ದಾಟದೆ, ಅರ್ಧ ತಾಸು ಹುಟ್ಟು ಹಾಕಿ ನೋಡುವುದು ಒಳ್ಳೆಯದು. ನಿಂತ ನೀರಿನಲ್ಲಿ ಹನಿಯದಿದ್ದ ರಿವೆಟ್, ತಗಡು ಬಾಗಿದಾಗ ಹನಿಯಬಹುದು.