ಸೆಕೆಂಡಿಗೆ 58 ಲಕ್ಷ ತಪಾಸಣೆ

ದಿನಕ್ಕೆ 50,000 ಕೋಟಿಗೂ ಹೆಚ್ಚು. ಜೀಸ್ಕೇಲರ್ ಎಂಬ ಸೈಬರ್ ಭದ್ರತಾ ಕಂಪನಿಯ ಜಾಲದ ಮೂಲಕ ಹಾದುಹೋಗುವ ಇಂಟರ್‌ನೆಟ್ ವಹಿವಾಟುಗಳಿಗೆ ಕಂಪನಿಯೇ ಕೊಡುವ ಲೆಕ್ಕ ಇದು. ಇಷ್ಟು ದೊಡ್ಡ ಸಂಖ್ಯೆ ಒಮ್ಮೆಗೇ ತಲೆಗೆ ಹತ್ತುವುದಿಲ್ಲ. ಭೂಮಿಯ ಮೇಲಿನ ಎಲ್ಲರಿಗೂ, ಹಸುಗೂಸುಗಳನ್ನೂ ಬಿಡದೆ, ಹಂಚಿದರೆ ತಲೆಗೆ 60 ಬರುತ್ತದೆ. ಸೆಕೆಂಡಿಗೆ ಸುಮಾರು 58 ಲಕ್ಷ. ಊಟ, ನಿದ್ದೆ ಬಿಟ್ಟು ಸೆಕೆಂಡಿಗೊಂದರಂತೆ ಎಣಿಸಲು ಕೂತರೆ, ಒಂದೇ ದಿನದ ಲೆಕ್ಕ ಮುಗಿಯಲು 15,800 ವರ್ಷ ಬೇಕು.

ಈ ಕಂಪನಿಯನ್ನು ಕಟ್ಟಿದ ಜಯ್ ಚೌಧರಿ ಹುಟ್ಟಿದ್ದು ಹಿಮಾಚಲ ಪ್ರದೇಶದ ಊನಾ ಜಿಲ್ಲೆಯ ಪನೋಹ್ ಹಳ್ಳಿಯಲ್ಲಿ. ಅವರು ಎಂಟನೇ ತರಗತಿಗೆ ಬರುವವರೆಗೆ ಮನೆಗೆ ಕರೆಂಟ್ ಇರಲಿಲ್ಲ, ಹತ್ತನೇ ತರಗತಿಯವರೆಗೆ ನಲ್ಲಿ ನೀರಿರಲಿಲ್ಲ. ಹೈಸ್ಕೂಲಿಗೆ ನಾಲ್ಕು ಕಿಲೋಮೀಟರ್ ನಡಿಗೆ. ಬನಾರಸ್‌ನಲ್ಲಿ ಎಂಜಿನಿಯರಿಂಗ್ ಮುಗಿಸಿ 1980ರಲ್ಲಿ ಅಮೆರಿಕದ ಸಿನ್ಸಿನಾಟಿಗೆ ಓದಲು ಹೋದರು. ಆಮೇಲೆ ಐಬಿಎಂ, ಎನ್‌ಸಿಆರ್, ಯುನಿಸಿಸ್‌ಗಳಲ್ಲಿ ಎಂಜಿನಿಯರಿಂಗ್ ಜೊತೆಗೆ ಮಾರಾಟದ ಕೆಲಸವನ್ನೂ ಮಾಡಿದರು. ಈ ಮಾರಾಟದ ವರ್ಷಗಳೇ ನನಗೆ ದೊಡ್ಡದಾಗಿ ಕಾಣುತ್ತವೆ. ಕಂಪನಿಗಳು ಯಾವುದಕ್ಕೆ ಹೆದರುತ್ತವೆ, ಯಾವುದಕ್ಕೆ ದುಡ್ಡು ಬಿಚ್ಚುತ್ತವೆ ಎಂಬುದು ಗಿರಾಕಿಯ ಎದುರು ಕೂತವರಿಗೇ ಗೊತ್ತಾಗುವುದು.

1990ರ ದಶಕದ ನಡುವೆ ಅವರೂ ಪತ್ನಿ ಜ್ಯೋತಿಯೂ ಕೆಲಸ ಬಿಟ್ಟು, ಜೀವಮಾನದ ಉಳಿತಾಯವನ್ನೆಲ್ಲ ಹಾಕಿ ಸೆಕ್ಯೂರ್‌ಐಟಿ ಎಂಬ ಕಂಪನಿ ಶುರುಮಾಡಿದರು. 1998ರಲ್ಲಿ ವೆರಿಸೈನ್ ಅದನ್ನು ಸುಮಾರು 7 ಕೋಟಿ ಡಾಲರ್ ಬೆಲೆಯ ಷೇರು ಕೊಟ್ಟು ಕೊಂಡಿತು. ಷೇರು ಎಷ್ಟು ಏರಿತೆಂದರೆ, ಸುಮಾರು 80 ನೌಕರರಲ್ಲಿ 70ಕ್ಕೂ ಹೆಚ್ಚು ಮಂದಿ ಕಾಗದದ ಮೇಲಾದರೂ ಹತ್ತು ಲಕ್ಷ ಡಾಲರ್ ದಾಟಿದರು! ಮುಂದೆ ಸ್ಪ್ಯಾಮ್ ಮೇಲ್ ಕಾಟಕ್ಕೆ ಸೈಫರ್‌ಟ್ರಸ್ಟ್: 2006ರಲ್ಲಿ 27 ಕೋಟಿ ಡಾಲರಿಗೂ ಮೀರಿ ಮಾರಾಟವಾಯಿತು. ವೈಫೈ ಭಯಕ್ಕೆ ಏರ್‌ಡಿಫೆನ್ಸ್: 2008ರಲ್ಲಿ ಮೋಟೊರೋಲಾ ಪಾಲಾಯಿತು.

ಅಷ್ಟರಲ್ಲಿ ಜೀಸ್ಕೇಲರ್ ಹುಟ್ಟಿಯಾಗಿತ್ತು. ಅದರ ಯೋಚನೆ ಸರಳ. ಅಲ್ಲಿಯವರೆಗೆ ಭದ್ರತೆ ಎಂದರೆ ಕಚೇರಿಯ ಸುತ್ತ ಫೈರ್‌ವಾಲ್ ಎಂಬ ಕೋಟೆ ಕಟ್ಟುವುದು. ಒಳಗೆ ಬಂದವನೆಲ್ಲ ನಂಬಿಕಸ್ಥ. ನೌಕರರು ಮನೆಯಿಂದ, ಮೊಬೈಲಿನಿಂದ ಕೆಲಸ ಮಾಡತೊಡಗಿದರೆ ಕೋಟೆ ಯಾರನ್ನು ಕಾಯಬೇಕು? ಹಾಗಾಗಿ ಕಾವಲನ್ನೇ ಕ್ಲೌಡಿಗೆ ಒಯ್ದರು. ಒಬ್ಬಾಕೆ ಮೇಲ್‌ನಲ್ಲಿ ಬಂದ ಲಿಂಕ್ ಒತ್ತುತ್ತಾಳೆ ಎನ್ನಿ. ಕೋರಿಕೆ ಮೊದಲು ಹತ್ತಿರದ ಡೇಟಾ ಸೆಂಟರಿಗೆ ಹೋಗುತ್ತದೆ. ಜಗತ್ತಿನಾದ್ಯಂತ ಅಂಥವು 150ಕ್ಕೂ ಹೆಚ್ಚಿವೆ. ಅಲ್ಲಿ, ಲಿಂಕ್ ಒತ್ತಿದವರು ಯಾರೆಂದು ಖಚಿತಪಡಿಸಿಕೊಂಡು, ಗೂಢಲಿಪಿ ಬಿಡಿಸಿ, ಒಳಗೆ ಕಳ್ಳಮಾಲು ಇದೆಯೇ ನೋಡಿ, ಮತ್ತೆ ಮುಚ್ಚಿ ಮುಂದಕ್ಕೆ ಬಿಡುತ್ತಾರೆ. ಪುಟ ತೆರೆಯಲು ತಡವಾಯಿತೆಂದು ಆಕೆಗೆ ಅನ್ನಿಸಲೂ ಕೂಡದು. ಸೆಕೆಂಡಿಗೆ 58 ಲಕ್ಷ ಸಲ ನಡೆಯಬೇಕಾದದ್ದು ಈ ಕೆಲಸ. ಇದರ ಹಿಂದಿರುವ ಎಂಜಿನಿಯರುಗಳಲ್ಲಿ ಬೆಂಗಳೂರಿನವರೂ ಇದ್ದಾರೆ.

2018ರ ಮಾರ್ಚಿನಲ್ಲಿ ಜೀಸ್ಕೇಲರ್ ಷೇರುಪೇಟೆಗೆ ಬಂದ ದಿನ 16 ಡಾಲರಿನ ಷೇರು 33ಕ್ಕೆ ನಿಂತಿತು. ಆ ಹಣಕಾಸು ವರ್ಷದ ಆದಾಯ 19 ಕೋಟಿ ಡಾಲರ್. 2025ರದ್ದು 267 ಕೋಟಿ. ಹಿಂದಿನ ಕಂಪನಿಗಳನ್ನು ಮಾರಿದ ಚೌಧರಿ ಇದನ್ನು ಮಾತ್ರ ಮಾರದೆ ತಾವೇ ನಡೆಸುತ್ತಿದ್ದಾರೆ.