ಗಾಡಿಯೇರಿ ಬರುವ ದೋಣಿಗಳು

ಮಲ್ಪೆ, ಗಂಗೊಳ್ಳಿ, ಉಳ್ಳಾಲಗಳ ಕಡೆಯಿಂದ ಬಂದ ನಮ್ಮ ವಾಚಕರಿಗೆ ದೋಣಿಯ ವಿಷಯದಲ್ಲಿ ನಾವು ಹೊಸದಾಗಿ ಹೇಳಬೇಕಾದುದು ಹೆಚ್ಚೇನೂ ಇಲ್ಲ. ಅವರಲ್ಲಿ ಎಷ್ಟೋ ಮಂದಿಯ ತಂದೆ, ಅಜ್ಜಂದಿರು ಮಂಗಳೂರಿನಲ್ಲಿ ಹೊಗೆಹಡಗನ್ನೇರಿ ಮುಂಬಯಿಯಲ್ಲಿ ಇಳಿದವರು. ಆದರೆ ದೋಣಿಯೇ ನೀರಿನಿಂದ ಮೇಲೆದ್ದು, ಚಕ್ರದ ಗಾಡಿಯೊಂದನ್ನೇರಿ, ಮೋಟಾರಿನ ಬೆನ್ನಹಿಂದೆ ಐನೂರು ಮೈಲಿಗಳ ರಸ್ತೆಯನ್ನು ಸವೆಸಿ, ಬೇರೊಂದು ಪ್ರಾಂತದ ನೀರಿಗೆ ಇಳಿಯುತ್ತದೆಂದರೆ ಅವರಿಗೂ ತುಸು ಸೋಜಿಗವೆನಿಸಬಹುದು. ಅಮೇರಿಕದ ಸಂಯುಕ್ತ ಸಂಸ್ಥಾನದಲ್ಲಿ ಇದು ಸೋಜಿಗವಲ್ಲ. ಇಂಥ ಹತ್ತಾರು ದೋಣಿಗಳು ಊರೂರುಗಳಿಂದ ಬಂದು ಒಂದೆಡೆ ಸೇರಿ, ಕರಾವಳಿಯ ಹಿನ್ನೀರುಗಳಲ್ಲಿಯೂ ಹಳೆಯ ಕಾಲುವೆಗಳಲ್ಲಿಯೂ ವಾರಗಟ್ಟಲೆ ಒಟ್ಟಾಗಿ ಸಂಚರಿಸುವುದು ಅಲ್ಲಿ ವರ್ಷವರ್ಷವೂ ನಡೆಯುವ ವಿನೋದ.

ಇದನ್ನು ಕೇವಲ ಸಿರಿವಂತರ ವಿಲಾಸವೆಂದು ಬಗೆದರೆ ತಪ್ಪಾದೀತು. ದೊಡ್ಡ ವಿಹಾರನೌಕೆಯನ್ನು ಇಟ್ಟುಕೊಂಡವನು ಬಂದರಿನಲ್ಲಿ ಅದಕ್ಕೆ ತಿಂಗಳು ತಿಂಗಳೂ ಬಾಡಿಗೆ ತೆರಬೇಕು. ಗಾಡಿಯ ಮೇಲಿನ ದೋಣಿಯಾದರೋ ಮನೆಯ ಹಿತ್ತಲಲ್ಲಿ ಟಾರ್ಪಾಲು ಹೊದ್ದು ಬಿದ್ದಿರುತ್ತದೆ. ಶಾಲಾ ಮಾಸ್ತರ, ಗುಮಾಸ್ತ, ಕಾರಖಾನೆಯ ಮೇಸ್ತ್ರಿ ಮೊದಲಾದವರ ಕೈಗೆ ಎಟಕುವ ನೌಕೆ ಅದೊಂದೇ. ಹದಿನಾರರಿಂದ ಇಪ್ಪತ್ತೆಂಟು ಅಡಿ ಉದ್ದ. ಒಳಗೆ ಇಬ್ಬರು ಮಲಗುವಷ್ಟು ಗೂಡು, ಒಂದು ಒಲೆ, ಒಂದು ನೀರಿನ ಪೀಪಾಯಿ. ಅಗಲವನ್ನು ನಿರ್ಧರಿಸುವುದು ಸಮುದ್ರವಲ್ಲ, ಹೆದ್ದಾರಿ. 8 ಅಡಿ 6 ಅಂಗುಲಕ್ಕಿಂತ ಅಗಲವಾದುದನ್ನು ರಸ್ತೆಯಲ್ಲಿ ಎಳೆದೊಯ್ಯಲು ಅಲ್ಲಿ ವಿಶೇಷ ಪರವಾನಗಿ ಬೇಕು. ಹೀಗಾಗಿ ಒಡೆಯನಲ್ಲಿ ದೋಣಿಯುಂಟು, ಗಾಡಿಯುಂಟು, ಎಳೆಯಲು ಮೋಟಾರೂ ಉಂಟು. ಇಲ್ಲದಿರುವುದು ರಜೆಯೊಂದೇ. ಇಂಥ ಯಾತ್ರೆಯ ಏರ್ಪಾಡಿನಲ್ಲಿ ಬರುವ ಕಷ್ಟಗಳೆಲ್ಲ ಬಹುಪಾಲು ಈ ರಜೆಯ ಲೆಕ್ಕದಿಂದಲೇ ಹುಟ್ಟುವಂಥವು. ಹೋಟೆಲಿನಲ್ಲಿಯೂ ಆಫೀಸಿನಲ್ಲಿಯೂ ದುಡಿಯುವ ನಮ್ಮ ವಾಚಕರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ.

ನಿದರ್ಶನಕ್ಕಾಗಿ ಒಂದು ಯಾತ್ರಾಮಾರ್ಗವನ್ನು ತೆಗೆದುಕೊಳ್ಳೋಣ. ವರ್ಜೀನಿಯಾ ಸಂಸ್ಥಾನದ ನಾರ್ಫೋಕ್ ನಗರದ ಬಳಿಯಿಂದ ಫ್ಲೋರಿಡಾದ ಮಯಾಮಿಯವರೆಗೆ, ತೆರೆದ ಸಮುದ್ರದ ಹೊಡೆತವನ್ನು ತಪ್ಪಿಸಿ, ನದಿ, ಹಿನ್ನೀರು, ಕಾಲುವೆಗಳನ್ನು ಒಂದಕ್ಕೊಂದು ಪೋಣಿಸಿಕೊಂಡು ಸಾವಿರ ಮೈಲಿಗೂ ಮಿಕ್ಕಿದ ಜಲಮಾರ್ಗವೊಂದು ಹರಿದಿದೆ. ಮೊದಲ ಮೈಲಿಗಳಲ್ಲಿಯೇ ಅದು ಎರಡಾಗಿ ಕವಲೊಡೆಯುತ್ತದೆ. ಪಶ್ಚಿಮದ ಕವಲು 1805ರಲ್ಲಿ ತೆರೆದ ಡಿಸ್ಮಲ್ ಸ್ವಾಂಪ್ ಕಾಲುವೆ. ಪೂರ್ವದ್ದು 1859ರಲ್ಲಿ ಮುಗಿದ ಆಲ್ಬೆಮಾರ್ಲ್–ಚೆಸಪೀಕ್ ಕಾಲುವೆ. ಇವೆರಡೂ ಉತ್ತರ ಕೆರೊಲಿನಾದ ಆಲ್ಬೆಮಾರ್ಲ್ ಸೌಂಡ್ ಎಂಬ ವಿಶಾಲ ಹಿನ್ನೀರಿಗೆ ಬಂದು ಸೇರುವುವು. ಆದುದರಿಂದ ಒಂದು ಕವಲಿನಿಂದ ಇಳಿದು, ಹಿನ್ನೀರನ್ನು ಹಾಯ್ದು, ಇನ್ನೊಂದು ಕವಲಿನಿಂದ ಹಿಂದಿರುಗಿದರೆ ನೂರು ಮೈಲಿಗೂ ಹೆಚ್ಚಿನ ಒಂದು ಪ್ರದಕ್ಷಿಣೆಯಾಗುತ್ತದೆ.

ಗಾಡಿಯ ದೋಣಿಯವರಿಗೆ ಈ ಪ್ರದಕ್ಷಿಣೆಯ ಬೆಲೆ ಬಹಳ. ನೇರವಾದ ಯಾತ್ರೆಯಲ್ಲಿ ದೋಣಿ ಒಂದೂರಿನಲ್ಲಿ ಮೇಲೇರಬೇಕಾದರೆ ಮೋಟಾರೂ ಗಾಡಿಯೂ ಹೊರಟ ಊರಿನಲ್ಲಿಯೇ ಉಳಿದಿರುತ್ತವೆ. ಅವನ್ನು ತರಲು ಅರ್ಧ ದಿನ ಹೋಗುತ್ತದೆ, ಇಲ್ಲವೆ ಹೊರಡುವ ಮುನ್ನವೇ ಕೆಲವನ್ನು ಅತ್ತ ಸಾಗಿಸಿಡಬೇಕಾಗುತ್ತದೆ. ಹೊರಟಲ್ಲಿಗೇ ಬಂದು ಸೇರುವ ದಾರಿಯಲ್ಲಿ ಈ ರಗಳೆಯಿಲ್ಲ. ಆದರೂ ದೋಣಿಯಿಳಿಸುವ ಇಳಿಜಾರಿನ ಬಳಿ ಎಂಟು ರಾತ್ರಿ ಗಾಡಿಗಳನ್ನು ನಿಲ್ಲಿಸಬಹುದೇ ಎಂದು ಮೊದಲೇ ಕಾಗದ ಬರೆದು ಕೇಳಿರಬೇಕು. ಅನೇಕ ಸಾರ್ವಜನಿಕ ಇಳಿಜಾರುಗಳಲ್ಲಿ ರಾತ್ರಿ ನಿಲ್ಲಿಸಲು ಅಪ್ಪಣೆಯಿಲ್ಲ. ಯಾತ್ರೆ ಮುಗಿಸಿ ಬಂದು ನೋಡಿದರೆ ಗಾಡಿಯನ್ನು ಪೋಲೀಸರು ಎಳೆದೊಯ್ದಿದ್ದರು ಎಂದಾಗಬಾರದು.

ಏರ್ಪಾಡು ಮಾಡುವವನ ಕೆಲಸ ಮೂರು ನಾಲ್ಕು ತಿಂಗಳ ಮೊದಲೇ ಆರಂಭವಾಗುತ್ತದೆ. ಬರುವವರಿಗೆಲ್ಲ ಅವನು ಕೇಳುವ ಪ್ರಶ್ನೆಗಳು ಬಹಳವಿಲ್ಲ: ದೋಣಿಯ ಉದ್ದವೆಷ್ಟು, ನೀರಿನಲ್ಲಿ ಎಷ್ಟು ಆಳ ಮುಳುಗುತ್ತದೆ, ಒಮ್ಮೆ ತುಂಬಿಸಿದ ಪೆಟ್ರೋಲಿನಲ್ಲಿ ಎಷ್ಟು ದೂರ ಹೋಗುತ್ತದೆ, ಜೊತೆಗೆ ಯಾರು ಯಾರು ಬರುವರು, ಈಜು ಬಲ್ಲವರೆಷ್ಟು ಮಂದಿ. ಆದರೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ದೋಣಿಯ ವೇಗವೆಷ್ಟು ಎಂಬುದು. ಯಾರದು ಹೆಚ್ಚೆಂದು ತಿಳಿಯಲು ಅಲ್ಲ; ಯಾರದು ಕಡಿಮೆಯೆಂದು ತಿಳಿಯಲು. ತಂಡದ ವೇಗವೆಂದರೆ ಅತ್ಯಂತ ನಿಧಾನದ ದೋಣಿಯ ವೇಗವೇ. ಗಂಟೆಗೆ ಇಪ್ಪತ್ತೈದು ಮೈಲಿ ಓಡಬಲ್ಲವನು ಗಂಟೆಗೆ ಆರು ಮೈಲಿಯವನ ಸಂಗಡ ನಡೆಯಲು ಒಪ್ಪುವನೋ ಇಲ್ಲವೋ ಎಂಬುದು ಮನೆಯಲ್ಲಿಯೇ ಇತ್ಯರ್ಥವಾಗಬೇಕು; ನಡುನೀರಿನಲ್ಲಿ ಅಲ್ಲ. ಒಪ್ಪದವನನ್ನು ಬಿಟ್ಟು ಹೋಗುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಡಿಸ್ಮಲ್ ಸ್ವಾಂಪ್ ಎಂದರೆ ಮಂಕು ಕವಿದ ಜೌಗುಭೂಮಿ. ಹೆಸರಿಗೆ ತಕ್ಕಂತೆ ಇಪ್ಪತ್ತೆರಡು ಮೈಲಿಗಳುದ್ದಕ್ಕೂ ಕಾಲುವೆಯ ಮೇಲೆ ಎರಡು ದಂಡೆಗಳ ಮರಗಳು ಬಾಗಿ ನಿಂತಿವೆ. ಅಲ್ಲಿನ ನೀರನ್ನು ನಮ್ಮ ಹೋಟೆಲಿನ ಮಿತ್ರರು ನೋಡಬೇಕು: ಹಾಲು ಬೆರೆಸದ ಚಹದ ಬಣ್ಣವೇ ಬಣ್ಣ! ಮರದ ತೊಗಟೆ, ಎಲೆ, ಕೊಳೆತ ಬೇರುಗಳ ಒಗರು ನೀರಿಗಿಳಿದು ಹೀಗಾಗುತ್ತದೆ. ಆ ಒಗರಿನಿಂದ ನೀರು ಬೇಗ ಕೆಡುವುದಿಲ್ಲವೆಂದು ಹಿಂದಿನ ನಾವಿಕರು ದೂರದ ಸಮುದ್ರಯಾನಕ್ಕೆ ಇದನ್ನೇ ಪೀಪಾಯಿಗಳಲ್ಲಿ ತುಂಬಿ ಒಯ್ಯುತ್ತಿದ್ದರಂತೆ.

ಕಾಲುವೆಯ ಎರಡು ತುದಿಗಳಲ್ಲಿಯೂ, ಅಂದರೆ ಡೀಪ್ ಕ್ರೀಕ್ ಮತ್ತು ಸೌತ್ ಮಿಲ್ಸ್ ಎಂಬಲ್ಲಿ, ಒಂದೊಂದು ಲಾಕ್ ಇದೆ. ಲಾಕ್ ಎಂದರೆ ಎರಡು ಬಾಗಿಲುಗಳ ನಡುವಣ ನೀರಿನ ಕೋಣೆ. ದೋಣಿ ಒಳಹೊಕ್ಕೊಡನೆ ಹಿಂದಿನ ಬಾಗಿಲು ಮುಚ್ಚಿ ನೀರು ತುಂಬುವರು. ದೋಣಿ ಸುಮಾರು 8 ಅಡಿ ಮೇಲೇರಿ, ಮುಂದಿನ ಬಾಗಿಲು ತೆರೆದಾಗ ಕಾಲುವೆಯ ಮಟ್ಟದಲ್ಲಿ ತೇಲುತ್ತಿರುತ್ತದೆ. ಕೋಣೆ ಸುಮಾರು 300 ಅಡಿ ಉದ್ದವಿರುವುದರಿಂದ ಎಂಟು ಹತ್ತು ಸಣ್ಣ ದೋಣಿಗಳಿಗೆ ಸ್ಥಳದ ಅಭಾವವಿಲ್ಲ. ಅಭಾವ ವೇಳೆಯದು. ಬಾಗಿಲು ತೆರೆಯುವುದು ದಿನಕ್ಕೆ ನಾಲ್ಕೇ ಬಾರಿ ಎಂಬುದು ಬಹುಕಾಲದ ರೂಢಿ: ಬೆಳಿಗ್ಗೆ 8-30, 11, ಮಧ್ಯಾಹ್ನ 1-30, 3-30. ಒಂಬತ್ತು ದೋಣಿಗಳು ಎಂಟೂವರೆಗೆ ಬಂದು ಹತ್ತನೆಯದು ಒಂಬತ್ತಕ್ಕೆ ಬಂದರೆ ಅದು ಹನ್ನೊಂದರವರೆಗೆ ಹೊರಗೆ ನಿಲ್ಲಬೇಕು, ಇಲ್ಲವೆ ಎಲ್ಲರೂ ನಿಲ್ಲಬೇಕು. ಮೇಲಾಗಿ, ಲಾಕನ್ನು ನಡೆಸುವಾತನೇ ಪಕ್ಕದ ಸೇತುವೆಯನ್ನೂ ಎತ್ತಬೇಕು. ಒಂದು ಬಾಗಿಲು ತೆರೆದು, ಅಲ್ಲಿಂದ ಹೋಗಿ ರಸ್ತೆಯ ವಾಹನಗಳನ್ನು ತಡೆದು, ಸೇತುವೆಯನ್ನೆತ್ತುವ ತನಕ ದೋಣಿಯವರು ತಾಳ್ಮೆಯಿಂದ ಇರತಕ್ಕದ್ದು. ಡೀಪ್ ಕ್ರೀಕಿನಲ್ಲಿ ಬಹುವರ್ಷ ಕೆಲಸ ಮಾಡಿದ ಒಬ್ಬಾತ ಈ ಬಿಡುವಿನಲ್ಲಿ ಯಾತ್ರಿಕರಿಗೆ ಕಾಲುವೆಯ ಚರಿತ್ರೆಯನ್ನು ಹೇಳಿ, ಶಂಖವನ್ನು ಊದಿ ಕಳುಹಿಸುತ್ತಿದ್ದನು. ಶಂಖನಾದದೊಂದಿಗೆ ಹೊರಡುವ ಯಾತ್ರೆಯನ್ನು ನಮ್ಮವರು ಅಪಶಕುನವೆನ್ನಲಾರರು.

ಆ ಚರಿತ್ರೆ ಮಾತ್ರ ಹರ್ಷದಾಯಕವಾದುದಲ್ಲ. 1793ರಲ್ಲಿ ಅಗೆತ ಆರಂಭವಾಗಿ, ಮುಗಿಯಲು ಹನ್ನೆರಡು ವರ್ಷ ಹಿಡಿಯಿತು. ಅಗೆದವರು ನೀಗ್ರೋ ಗುಲಾಮರು. ಒಡೆಯರಿಂದ ಅವರನ್ನು ಬಾಡಿಗೆಗೆ ಪಡೆದು, ಸೊಂಟದವರೆಗಿನ ಕೆಸರಿನಲ್ಲಿ ನಿಲ್ಲಿಸಿ ದುಡಿಸಲಾಯಿತು. ಬಾಡಿಗೆಯ ಹಣ ಒಡೆಯರ ಪೆಟ್ಟಿಗೆಯನ್ನು ಸೇರಿತು. ಅದೇ ಜೌಗಿನ ಒಳಗಾಡಿನಲ್ಲಿ, ಯಾರೂ ಹಿಂಬಾಲಿಸಲಾರದ ದಿಬ್ಬಗಳ ಮೇಲೆ, ಓಡಿಹೋದ ಗುಲಾಮರು ತಲೆತಲಾಂತರವಾಗಿ ಅಡಗಿ ಬಾಳಿದರು. ಈ ಕಾಲುವೆಯಲ್ಲಿ ಸರಕಿನ ದೋಣಿಗಳನ್ನು ನಡೆಸುತ್ತಿದ್ದ ಮೋಸೆಸ್ ಗ್ರಾಂಡಿ ಎಂಬ ಗುಲಾಮನು ಕಾಸಿಗೆ ಕಾಸು ಕೂಡಿಸಿ ತನ್ನ ಬಿಡುಗಡೆಯ ಬೆಲೆಯನ್ನು ತೆತ್ತನು. ಒಡೆಯನು ಹಣ ನುಂಗಿ ಅವನನ್ನು ಮತ್ತೊಬ್ಬನಿಗೆ ಮಾರಿದನು. ಎರಡನೆಯವನಿಗೂ ತೆತ್ತನು, ಅಲ್ಲಿಯೂ ವಂಚನೆ. ಮೂರನೆಯ ಬಾರಿ ತೆತ್ತಾಗಲೇ ಅವನು ಸ್ವತಂತ್ರನಾದದ್ದು. ಅವನ ಆತ್ಮಕಥೆ 1843ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಡೀಪ್ ಕ್ರೀಕಿನ ಬಳಿಯ ರಸ್ತೆಯೊಂದಕ್ಕೆ ಈಗ ಅವನ ಹೆಸರಿದೆ. ವಿಹಾರಕ್ಕೆಂದು ಬರುವ ತಂಡಗಳು ಲಾಕಿನಲ್ಲಿ ಕಾಯುವ ಆ ಅರ್ಧ ಗಂಟೆಯಲ್ಲಿ ಈ ಕಥೆಯನ್ನು ತಮ್ಮ ಮಕ್ಕಳಿಗೆ ಹೇಳುವುದು ಉಚಿತ.

ಕಾಲುವೆಯಲ್ಲಿ ಅಲೆಯೆಬ್ಬಿಸುವಂತೆ ವೇಗವಾಗಿ ಹೋಗಕೂಡದು. ನೀರಿನಡಿಯಲ್ಲಿ ಮರದ ತುಂಡುಗಳು ಅಡಗಿರುವುದರಿಂದ, ಮುಂದಿನ ದೋಣಿ ಕಂಡದ್ದನ್ನು ಹಿಂದಿನವರಿಗೆ ರೇಡಿಯೋದಲ್ಲಿ ತಿಳಿಸುತ್ತ ಸಾಗಬೇಕು. ಪೆಟ್ರೋಲು ದಂಡೆಯಲ್ಲಿ ಸಿಕ್ಕೀತೆಂದು ನೆಚ್ಚುವಂತಿಲ್ಲ. ಉತ್ತರ ಕೆರೊಲಿನಾದ ಗಡಿಯನ್ನು ದಾಟಿದ ಮೇಲೆ ಯಾತ್ರಿಕರ ಸ್ವಾಗತ ಮಂದಿರವೊಂದಿದೆ. ಹೆದ್ದಾರಿಯಿಂದ ಬರುವ ಮೋಟಾರಿನವರನ್ನೂ ಕಾಲುವೆಯಿಂದ ಬರುವ ದೋಣಿಯವರನ್ನೂ ಅದು ಒಂದೇ ಕಟ್ಟಡದಲ್ಲಿ ಬರಮಾಡಿಕೊಳ್ಳುತ್ತದೆ. ಅಲ್ಲಿನ ದಕ್ಕೆ ಚಿಕ್ಕದು. ತಂಡದವರು ಮೊದಲ ದೋಣಿಯನ್ನು ದಕ್ಕೆಗೆ ಕಟ್ಟಿ, ಎರಡನೆಯದನ್ನು ಮೊದಲನೆಯದರ ಪಕ್ಕೆಗೆ, ಮೂರನೆಯದನ್ನು ಎರಡನೆಯದರ ಪಕ್ಕೆಗೆ ಬಿಗಿದು ರಾತ್ರಿಯನ್ನು ಕಳೆಯುವರು. ನೆರೆಯವನ ದೋಣಿಯನ್ನು ತುಳಿದೇ ದಡ ಸೇರಬೇಕಾದ್ದರಿಂದ ಬೂಟು ಕಳಚಿ ನಡೆಯುವುದು ಮರ್ಯಾದೆ. ಅಡಿಗೆ ಸರದಿಯ ಪ್ರಕಾರ: ಇಂದು ಈ ಎರಡು ದೋಣಿಯವರು ಎಲ್ಲರಿಗೂ ಬಡಿಸಿದರೆ ನಾಳೆ ಆ ಎರಡು ದೋಣಿಯವರು. ಹತ್ತು ಒಲೆಗಳ ಮೇಲೆ ಹತ್ತು ಪಾತ್ರೆಗಳೇಕೆ ಎಂಬ ಲೆಕ್ಕ ನಮ್ಮ ಭಟ್ಟರಿಗೆ ತಟ್ಟನೆ ಹೊಳೆಯುವಂಥದು.

ಸೌತ್ ಮಿಲ್ಸ್ ದಾಟಿ ಪಾಸ್ಕೋಟ್ಯಾಂಕ್ ನದಿಯ ತಿರುವುಗಳಲ್ಲಿ ಇಳಿದರೆ ಎಲಿಜಬೆತ್ ಸಿಟಿ. 1983ರಲ್ಲಿ ಇಲ್ಲಿನ ಫ್ರೆಡ್ ಫಿಯರಿಂಗ್, ಜೋ ಕ್ರೇಮರ್ ಎಂಬ ಇಬ್ಬರು ವೃದ್ಧ ಸ್ನೇಹಿತರು, ದಕ್ಕೆಗೆ ಬಂದ ದೋಣಿಯವರಿಗೆ ಚೀಸು, ದ್ರಾಕ್ಷಾಮದ್ಯಗಳ ಸತ್ಕಾರ ಮಾಡಿ, ಹೆಂಗಸರಿಗೆಲ್ಲ ಒಂದೊಂದು ಗುಲಾಬಿ ಕೊಡುವ ಪದ್ಧತಿಯನ್ನು ಹಾಕಿದರು. ಫಿಯರಿಂಗ್ ನಿವೃತ್ತ ಅಂಚೆಯವನು. ಗುಲಾಬಿಗಳು ಕ್ರೇಮರನ ತೋಟದವು. ಕ್ರೇಮರ್ ತೀರಿಕೊಂಡ ಮೇಲೆ ಅವನ ಗುಲಾಬಿ ಗಿಡಗಳನ್ನು ದಕ್ಕೆಯ ಬದಿಗೇ ತಂದು ನೆಟ್ಟರು. ಇಬ್ಬರೂ ಈಗಿಲ್ಲ. ಊರು ಮಾತ್ರ ಅತಿಥಿಸತ್ಕಾರದ ಬಂದರೆಂದೇ ತನ್ನನ್ನು ಕರೆದುಕೊಳ್ಳುತ್ತಿದೆ.

ಇಷ್ಟರವರೆಗೆ ಎಲ್ಲವೂ ಸುಲಭ. ಏರ್ಪಾಡು ಮಾಡಿದವನ ನಿಜವಾದ ಪರೀಕ್ಷೆ ಇಲ್ಲಿಂದ ಮುಂದೆ. ಆಲ್ಬೆಮಾರ್ಲ್ ಹಿನ್ನೀರು ಪೂರ್ವಪಶ್ಚಿಮವಾಗಿ ಸುಮಾರು 50 ಮೈಲಿ ಉದ್ದ. ಆಳವಾದರೋ ಹೆಚ್ಚಿನೆಡೆಗಳಲ್ಲಿ ಇಪ್ಪತ್ತು ಅಡಿಯೂ ಇಲ್ಲ. ಆಳ ಕಡಿಮೆಯೆಂದರೆ ಅಪಾಯ ಕಡಿಮೆಯೆಂದು ಎಣಿಸಬಾರದು. ಉದ್ದಕ್ಕೂ ತಡೆಯಿಲ್ಲದೆ ಬೀಸಿದ ಗಾಳಿ, ತೆಳುವಾದ ನೀರಿನಲ್ಲಿ ಒಂದರ ಮೇಲೊಂದರಂತೆ ಗಿಡ್ಡನೆಯ ಕಡಿದಾದ ಅಲೆಗಳನ್ನು ಎಬ್ಬಿಸುತ್ತದೆ. ಒಂದರ ಮೇಲೇರಿ ಇಳಿಯುವ ಮೊದಲೇ ಇನ್ನೊಂದು ಬಂದು ಬಡಿಯುತ್ತದೆ. ಸಮುದ್ರಕ್ಕೂ ಇದಕ್ಕೂ ನಡುವೆ ಮರಳಿನ ದ್ವೀಪಮಾಲೆ ಅಡ್ಡಲಾಗಿರುವುದರಿಂದ ಚಂದ್ರನ ಉಬ್ಬರವಿಳಿತ ಇಲ್ಲಿ ಗಣನೆಗೆ ಬರುವುದಿಲ್ಲ; ಗಾಳಿ ಬೀಸಿದತ್ತ ನೀರು ಏರುತ್ತದೆ.

1900ರ ಸೆಪ್ಟೆಂಬರಿನಲ್ಲಿ ವಿಲ್ಬರ್ ರೈಟ್ ಇದೇ ದಾರಿಯಲ್ಲಿ ಹೋದವನು. ವಿಮಾನದ ಪ್ರಯೋಗಗಳಿಗಾಗಿ ಕಿಟಿ ಹಾಕ್ ಎಂಬ ಮರಳುದಂಡೆಗೆ ಹೊರಟ ಅವನು ಎಲಿಜಬೆತ್ ಸಿಟಿಯಲ್ಲಿ ರೈಲಿನಿಂದಿಳಿದು, ದೋಣಿ ದೊರೆಯದೆ ಕೆಲವು ದಿನ ಕಾದು, ಕೊನೆಗೆ ಇಸ್ರೇಲ್ ಪೆರಿ ಎಂಬವನ ಜೀರ್ಣವಾದ ಹಾಯಿದೋಣಿಯನ್ನು ಹತ್ತಿದನು. ಹಿನ್ನೀರಿಗೆ ಬಂದೊಡನೆ ಬಿರುಗಾಳಿ. ದೋಣಿಯೊಳಗೆ ನೀರು ಸುರಿಯಿತು, ಹಾಯಿ ಕಳಚಿತು. ಕಷ್ಟದಿಂದ ನಾರ್ತ್ ರಿವರ್ ಎಂಬ ನದಿಯ ಆಸರೆಯನ್ನು ಸೇರಿ ಬದುಕಿಕೊಂಡರು. ದೋಣಿಯ ಅಡಿಗೆಯ ಕೊಳಕಿಗೆ ಹೇಸಿ, ತಂಗಿ ಕ್ಯಾಥರೀನ್ ಕೊಟ್ಟು ಕಳುಹಿಸಿದ್ದ ಹಣ್ಣಿನ ಜೆಲ್ಲಿಯ ಹೊರತು ಅವನು ಏನನ್ನೂ ಮುಟ್ಟಲಿಲ್ಲವಂತೆ. ಮೂರು ವರ್ಷಗಳ ಅನಂತರ, 1903ರ ಡಿಸೆಂಬರ್ 17ರಂದು, ಅಣ್ಣತಮ್ಮಂದಿರು ಅದೇ ಮರಳುದಂಡೆಯಲ್ಲಿ ಆಕಾಶಕ್ಕೇರಿದುದನ್ನು ಲೋಕವೇ ಬಲ್ಲದು.

ನಮ್ಮ ತಂಡವೂ ಪಾಸ್ಕೋಟ್ಯಾಂಕಿನ ಮುಖದಿಂದ ಅದೇ ನಾರ್ತ್ ರಿವರಿನ ಮುಖಕ್ಕೆ ದಾಟಬೇಕು. ಆದುದರಿಂದ ವಾರದ ರಜೆಯಲ್ಲಿ ಒಂದೆರಡು ದಿನಗಳನ್ನು ಯಾವ ಊರಿನ ಹೆಸರಿಗೂ ಬರೆಯದೆ ಎಲಿಜಬೆತ್ ಸಿಟಿಯಲ್ಲಿ ಖಾಲಿ ಬಿಟ್ಟಿರಬೇಕು. ಗುರುವಾರ ಗಾಳಿ, ಶುಕ್ರವಾರವೂ ಗಾಳಿ, ಸೋಮವಾರ ಆಫೀಸು. ಶುಕ್ರವಾರ ಸಂಜೆ ಯಾರಾದರೊಬ್ಬರು “ಇಷ್ಟು ಗಾಳಿಗೆ ಹೆದರಿದರೆ ಹೇಗೆ?” ಎನ್ನುತ್ತಾರೆ. ಬೆಳಗಿನ ಸಭೆಯಲ್ಲಿ ಅತ್ಯಂತ ಚಿಕ್ಕ ದೋಣಿಯವನು ಬೇಡವೆಂದರೆ ಯಾರೂ ಹೊರಡಕೂಡದು, ಅವನನ್ನು ಯಾರೂ ಹಂಗಿಸಕೂಡದು ಎಂಬ ಕಟ್ಟಳೆಯನ್ನು ಮೊದಲೇ ಎಲ್ಲರೂ ಒಪ್ಪಿರಬೇಕು. ಒಪ್ಪಂದವಿಲ್ಲದೆಡೆ ಚಿಕ್ಕ ದೋಣಿಯವನು ನಾಚಿಕೆಯಿಂದ ಬಾಯಿ ಮುಚ್ಚಿಕೊಂಡು ಹೊರಡುತ್ತಾನೆ. ಅನಾಹುತಗಳು ಹುಟ್ಟುವುದು ಅಲ್ಲಿಯೇ. ಕೆಲಸಕ್ಕೆ ಹಿಂದಿರುಗಲೇಬೇಕಾದವರು ದೋಣಿಯನ್ನು ಊರಿನ ದಕ್ಕೆಯಲ್ಲಿ ಬಿಟ್ಟು, ಬಾಡಿಗೆ ಮೋಟಾರಿನಲ್ಲಿ ಹೋಗಿ ತಮ್ಮ ಗಾಡಿಯನ್ನು ತಂದರಾಯಿತು. ರಸ್ತೆಯಿಂದ ಐವತ್ತು ಮೈಲಿಯ ಮಾತು. ದೊಡ್ಡ ನೌಕೆಯವನಿಗಿಲ್ಲದ ಈ ಅನುಕೂಲ ಇವರಿಗುಂಟು.

ಹೊರಟರೆ ನಸುಕಿನಲ್ಲಿಯೇ ಹೊರಡಬೇಕು. ಬಿಸಿಲೇರಿದಂತೆ ಗಾಳಿಯೂ ಏರುವುದು ಸಾಮಾನ್ಯ. ಎಲ್ಲರೂ ಜೀವರಕ್ಷಕ ಅಂಗಿ ತೊಟ್ಟಿರತಕ್ಕದ್ದು. ಪೆಟ್ರೋಲಿನಲ್ಲಿ ಮೂರರಲ್ಲೊಂದು ಪಾಲು ಹೋಗಲು, ಒಂದು ಪಾಲು ಹಿಂದಿರುಗಲು, ಇನ್ನೊಂದು ಆಪತ್ತಿಗೆ. ದಾರಿ ಬಲ್ಲವನು ಮುಂದೆ. ಆದರೆ ಎಲ್ಲರಿಗಿಂತ ಅನುಭವಿ ಹಿಂದಿನ ದೋಣಿಯಲ್ಲಿರಬೇಕು, ಏಕೆಂದರೆ ಎಂಜಿನು ಕೆಟ್ಟವನು ಯಾವಾಗಲೂ ಹಿಂದೆಯೇ ಉಳಿಯುವವನು. ಯಾರು ಯಾರು ಎಲ್ಲಿಗೆ ಹೊರಟಿದ್ದಾರೆ, ಯಾವ ಹೊತ್ತಿಗೆ ಸೇರಬೇಕು ಎಂಬ ಬರಹ ದಡದಲ್ಲಿರುವ ಒಬ್ಬರ ಕೈಯಲ್ಲಿರಬೇಕು.

ದಾಟಿದ ಮೇಲೆ ನಾರ್ತ್ ರಿವರಿನಿಂದ ಕಾಯಿನ್‌ಜಾಕ್, ಅಲ್ಲಿಂದ ಕರಿಟಕ್ ಹಿನ್ನೀರು, ಗ್ರೇಟ್ ಬ್ರಿಜ್ಜಿನ 600 ಅಡಿಯ ಲಾಕ್. ಒಂದೆರಡು ದಿನಗಳ ನೆಮ್ಮದಿಯ ದಾರಿ. ಹೊರಡುವ ಮುನ್ನ ಕಾಲುವೆಗಳು ತೆರೆದಿವೆಯೇ ಎಂದು ಅವುಗಳ ಮೇಲ್ವಿಚಾರಣೆಯ ಸೇನಾ ಎಂಜಿನಿಯರುಗಳ ಇಲಾಖೆಯನ್ನು ವಿಚಾರಿಸುವುದನ್ನು ಮರೆಯಬಾರದು. 2016ರ ಅಕ್ಟೋಬರಿನ ಮ್ಯಾಥ್ಯೂ ಚಂಡಮಾರುತದಲ್ಲಿ ಹೂಳು, ಮರಗಳು ತುಂಬಿ ಡಿಸ್ಮಲ್ ಸ್ವಾಂಪ್ ಕಾಲುವೆ ಮರುವರ್ಷದವರೆಗೆ ಮುಚ್ಚಿಹೋಗಿತ್ತು. ಕೊನೆಯ ದಿನ ಇಳಿಜಾರಿನಲ್ಲಿ ಒಂದೊಂದಾಗಿ ದೋಣಿಗಳು ಗಾಡಿಯೇರುತ್ತವೆ. ಉಪ್ಪುನೀರು ತಗುಲಿದ ಚಕ್ರ, ಬೇರಿಂಗುಗಳನ್ನು ಸಿಹಿನೀರಿನಿಂದ ತೊಳೆದು, ದೀಪದ ತಂತಿಗಳನ್ನು ಜೋಡಿಸಿ, ಹಗ್ಗ ಬಿಗಿದು, ತಂಡದವರು ತಂತಮ್ಮ ಹೆದ್ದಾರಿ ಹಿಡಿಯುತ್ತಾರೆ. ಮರುದಿನ ಬೆಳಿಗ್ಗೆ ಎಲ್ಲರಿಗೂ ಕೆಲಸವುಂಟು.