ಹುಳುವಿನ ಮೀಸೆಗೆ ಆಂಟೆನಾ ಎಂಬ ಹೆಸರು

ಹಿಂದೆ ಮನೆಯ ಮೇಲೆ ನಿಲ್ಲಿಸುತ್ತಿದ್ದ ಟಿ.ವಿ. ಆಂಟೆನಾ ನಮಗೆಲ್ಲ ಗೊತ್ತು. ಅದಕ್ಕೂ ಎಷ್ಟೋ ಮುಂಚೆ ಆ ಹೆಸರು ಹುಳುಗಳ ಮೀಸೆಗೆ ಇತ್ತು, ಅದಕ್ಕೂ ಮೊದಲು ಹಡಗಿಗೆ. ಲ್ಯಾಟಿನ್ ಭಾಷೆಯಲ್ಲಿ ‘ಆಂಟೆನ್ನಾ’ ಎಂದರೆ ಹಾಯಿ ಕಟ್ಟುವ ಅಡ್ಡಮರ. ಗ್ರೀಕ್ ಪಂಡಿತ ಅರಿಸ್ಟಾಟಲ್ ಈ ಅಂಗವನ್ನು ಕೊಂಬು ಎಂಬರ್ಥದ ಮಾತಿನಿಂದ ಕರೆದಿದ್ದರು. ಆ ಮಾತಿಗೆ ಹಾಯಿಯ ಅಡ್ಡಮರ ಎಂಬ ಅರ್ಥವೂ ಇತ್ತು. 15ನೇ ಶತಮಾನದಲ್ಲಿ ಥಿಯೊಡೋರ್ ಗಾಜಾ ಎಂಬವರು ಗ್ರಂಥವನ್ನು ಲ್ಯಾಟಿನ್‌ಗೆ ತಂದಾಗ ‘ಆಂಟೆನ್ನಾ’ ಎಂದೇ ಬರೆದರು. ಕನ್ನಡದಲ್ಲಿ ಇದು ಕುಡಿಮೀಸೆ. ನಮ್ಮ ಮಕ್ಕಳು ಓದುವ ತಮಿಳು ಪಾಠದಲ್ಲಿ ‘ಉಣರ್‌ಕೊಂಬು’. ತಮಿಳು ಹೆಸರೇ ಅರಿಸ್ಟಾಟಲರಿಗೆ ಹತ್ತಿರ!

ಹೆಸರು ಏನಿದ್ದರೂ ಮುಖ್ಯ ಕೆಲಸ ಮೂಗಿನದು. ಬಿತ್ತನೆ ಗೂಡಿನಿಂದ ಬಂದ ಗಂಡು ರೇಷ್ಮೆ ಚಿಟ್ಟೆಯ ಮೀಸೆ ಬಾಚಣಿಗೆಯಂತಿದೆ. ಹೆಣ್ಣಿನ ವಾಸನೆಯನ್ನು ಅದರಿಂದಲೇ ಹಿಡಿದು ರೆಕ್ಕೆ ಬಡಿಯುತ್ತಾ ಅದರತ್ತ ಸಾಗುತ್ತದೆ. ಜರ್ಮನಿಯ ಬ್ಯುಟೆನಾಂಟ್ ಮತ್ತು ಸಂಗಡಿಗರು ಸುಮಾರು 5 ಲಕ್ಷ ಹೆಣ್ಣು ಚಿಟ್ಟೆಗಳಿಂದ ಆ ವಾಸನೆಯ ವಸ್ತುವನ್ನು ಬೇರ್ಪಡಿಸಿ 1959ರಲ್ಲಿ ಪ್ರಕಟಿಸಿದರು.

ಸೇಲಂ, ಧರ್ಮಪುರಿ ಕಡೆಯ ಮಾವಿನ ತೋಟದವರಿಗೆ ಇದೇ ಮೀಸೆ ನೆರವಾಗುತ್ತದೆ. ಮೀಥೈಲ್ ಯೂಜಿನಾಲ್ ವಾಸನೆಗೆ ಹಣ್ಣುನೊಣದ ಗಂಡುಗಳು ಬಂದು ಬಲೆಯಲ್ಲಿ ಬೀಳುತ್ತವೆ. ಗಂಡುಗಳು ಕಡಿಮೆಯಾದರೆ ಹೆಣ್ಣಿಡುವ ಮೊಟ್ಟೆ ಫಲಿಸುವುದೂ ಕಡಿಮೆ. ಕಾಯಿ ಬಲಿಯುವ ಮುಂಚೆಯೇ ಬಲೆ ಕಟ್ಟಬೇಕು. ಹಣ್ಣಿನೊಳಗೆ ಸೇರಿದ ಹುಳು ಈ ವಾಸನೆಗೆ ಬರುವುದಿಲ್ಲ. ಆಗ ಗಾಬರಿಯಿಂದ ಔಷಧಿ ಹೊಡೆದರೆ ಅದರ ವಿಷ ಮಕ್ಕಳು ತಿನ್ನುವ ಹಣ್ಣಿನಲ್ಲೇ ಉಳಿದೀತು. ಉದುರಿದ ಹಣ್ಣುಗಳನ್ನು ಆಗಾಗ ಆರಿಸಿ ಆಳವಾಗಿ ಹೂಳಿ.